ರಂಗೋಲಿ ಹಾಕಲು ಬಾಗಿಲು ತೆಗೆದರೆ ಪೊಲೀಸರು ಬಂದರು

ಪ್ರಶ್ನೆ: ಮಗನ ಮನೆಗೆಂದು ಟೆಕ್ಸಾಸ್‌ಗೆ ಹೋಗಿ ನಾಲ್ಕು ತಿಂಗಳು ಇದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು ನನ್ನ ರೂಢಿ. ಬಾಗಿಲು ತೆಗೆದರೆ ಕಳ್ಳರ ಅಲಾರಂ ಕೂಗುತ್ತದೆ ಅನ್ನೋದೇ ಮರೆತುಹೋಗುತ್ತಿತ್ತು. ಹೀಗೆ ಐದು ಸಲ ಆಯಿತು, ಐದು ಸಲವೂ ಪೊಲೀಸರು ಬಂದರು. ಈಗ ಅಲ್ಲಿನ ನಗರಸಭೆ ಮಗನಿಗೆ 50 ಡಾಲರ್ ಬಿಲ್ಲು ಕಳಿಸಿದೆ. ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರದ ಮೇಲಾಯಿತು. ಅವನ ಮೇಲೆ ಕೇಸು ಆಗುತ್ತದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೇಸಿನ ಭಯ ಬಿಡಿ ಅಮ್ಮಾ. ನೀವು ಯಾರಿಗೂ ಸುಳ್ಳು ಹೇಳಿಲ್ಲ. ಪೊಲೀಸರನ್ನು ಪದೇ ಪದೇ ಸುಮ್ನೆ ಓಡಾಡಿಸಿದ್ದಕ್ಕೆ ಹಾಕಿದ ದಂಡ ಇದು, ಕಟ್ಟಿದರೆ ಮುಗಿಯಿತು.

ಆದರೆ ಕಟ್ಟುವ ಮೊದಲು ಬಿಲ್ಲನ್ನು ಒಮ್ಮೆ ಸರಿಯಾಗಿ ನೋಡಲು ಮಗನಿಗೆ ಹೇಳಿ. ಟೆಕ್ಸಾಸ್ ಕಾನೂನಿನ ಪ್ರಕಾರ 12 ತಿಂಗಳಲ್ಲಿ ಮೊದಲ ಮೂರು ಸುಳ್ಳು ಅಲಾರಂಗೆ ನಗರಸಭೆ ದಂಡ ಹಾಕುವಂತಿಲ್ಲ. ಆಮೇಲೆ 50 ಡಾಲರ್, ಇನ್ನೂ ಜಾಸ್ತಿಯಾದರೆ 75, ಕೊನೆಗೆ 100, ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ: ಸುದ್ದಿ ಸಿಕ್ಕ 30 ನಿಮಿಷದೊಳಗೆ ಪೊಲೀಸರು ಮನೆಗೆ ಬಂದು ಪರೀಕ್ಷಿಸಿ, ಇದು ಸುಳ್ಳು ಅಲಾರಂ ಎಂದು ಖಚಿತ ಮಾಡಿಕೊಂಡಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಲ ಎಷ್ಟು ಹೊತ್ತಿಗೆ ಬಂದರು ಅಂತ ಮಗ ಕೇಳಿ ನೋಡಲಿ. ಕೇಳುವುದು ಅವನ ಹಕ್ಕು.

ಇಷ್ಟು ಚಿಕ್ಕ ವಿಷಯಕ್ಕೂ ದುಡ್ಡಾ ಅನ್ನಿಸುತ್ತದೆ, ಅಲ್ವಾ? ಅಮೆರಿಕದ ನ್ಯಾಯ ಇಲಾಖೆಯ ಕೈಪಿಡಿಯೊಂದರ ಪ್ರಕಾರ, ಪೊಲೀಸರಿಗೆ ಬರುವ ಇಂಥ ಅಲಾರಂ ಕರೆಗಳಲ್ಲಿ 100ಕ್ಕೆ 94ರಿಂದ 98 ಸುಳ್ಳು. ಗಾಳಿಗೆ ಅಲುಗಾಡಿದ ಬಾಗಿಲು, ಸಾಕಿದ ಬೆಕ್ಕು, ಮರೆತುಹೋದ ಕೋಡ್, ಹೀಗೆ. ಪ್ರತಿಯೊಂದಕ್ಕೂ ಸಾಮಾನ್ಯವಾಗಿ ಇಬ್ಬರು ಪೊಲೀಸರು ಹೋಗಬೇಕು, ಆ ಹೊತ್ತಿಗೆ ಇನ್ನೆಲ್ಲೋ ನಿಜವಾಗಿ ಕಷ್ಟದಲ್ಲಿರುವವರು ಕಾಯಬೇಕು. ಇದಕ್ಕೇ ಬೇಸತ್ತು ಅಮೆರಿಕದ ಸಾಲ್ಟ್ ಲೇಕ್ ಸಿಟಿ ಎಂಬ ನಗರದಲ್ಲಿ 2000ದ ಕೊನೆಯಿಂದ, ಯಾರಾದರೂ ಸ್ಥಳಕ್ಕೆ ಹೋಗಿ ನೋಡಿ ಹೇಳುವ ತನಕ ಪೊಲೀಸರು ಹೋಗುವುದನ್ನೇ ನಿಲ್ಲಿಸಿದರು. ಅದಕ್ಕಿಂತ 50 ಡಾಲರ್ ದಂಡ ಎಷ್ಟೋ ವಾಸಿ ಅಂತ ನನಗನ್ನಿಸುತ್ತದೆ.

ಮುಂದಿನ ಸಲ ಹೋದಾಗ ಅಲಾರಂ ಆರಿಸುವ ಕೋಡನ್ನು ನಿಮ್ಮ ಫೋನ್ ಕವರಿನೊಳಗೆ ಬರೆದಿಟ್ಟುಕೊಳ್ಳಿ. ಅಲಾರಂ ಕೂಗಿದ ಮೇಲೆ ಅದರ ಕಂಪನಿಯವರು ಫೋನ್ ಮಾಡುತ್ತಾರೆ, ಅದನ್ನು ಎತ್ತಿ ಗುಪ್ತಪದ ಹೇಳುವುದನ್ನು ಮಗ ನಿಮಗೆ ಕಲಿಸಲಿ, ಕನ್ನಡ ಪದವನ್ನೇ ಇಟ್ಟುಕೊಳ್ಳಬಹುದು. ರಂಗೋಲಿ ಬಿಡಬೇಡಿ.

ಪ್ರಶ್ನೆ: 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಇದೆ ಎಂಬ ಸುಳ್ಳು ಇಮೇಲ್ ಬಂದಾಗ ನಾನೂ ಮಗಳನ್ನು ಕರೆತರಲು ಓಡಿದ್ದೆ. ಅಂಥವರಿಂದ ಪೊಲೀಸರ ಖರ್ಚು ವಸೂಲಿ ಮಾಡಬಾರದಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮಾಡಲೇಬೇಕು ಅನ್ನುವವಳು ನಾನು. ಈಗ ಭಾರತೀಯ ನ್ಯಾಯ ಸಂಹಿತೆಯ 217ನೇ ಸೆಕ್ಷನ್ನಿನಲ್ಲಿ ಸರ್ಕಾರಿ ನೌಕರರಿಗೆ ಸುಳ್ಳು ಮಾಹಿತಿ ಕೊಟ್ಟರೆ ಒಂದು ವರ್ಷದ ತನಕ ಜೈಲು, ಇಲ್ಲವೇ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಆ ದಂಡ ಬಾಂಬ್ ಪತ್ತೆ ದಳ, ಶ್ವಾನದಳಗಳ ಓಡಾಟದ ಲೆಕ್ಕ ಹಾಕಿ ಇಟ್ಟದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಒಬ್ಬಾಕೆ ತನ್ನನ್ನು ಅಪಹರಿಸಿದ್ದರು ಎಂದು ಕಥೆ ಕಟ್ಟಿದ್ದರು. 2022ರಲ್ಲಿ ತಪ್ಪೊಪ್ಪಿಕೊಂಡ ಮೇಲೆ ಕೋರ್ಟು 18 ತಿಂಗಳ ಜೈಲಿನ ಜೊತೆಗೆ 3 ಲಕ್ಷ ಡಾಲರಿಗೂ ಜಾಸ್ತಿ ಮೊತ್ತ ತುಂಬಿಕೊಡಲು ಹೇಳಿತು. ಅಲ್ಲಿನ ಶೆರಿಫ್ ಕಚೇರಿಯ, ಅಂದರೆ ಸ್ಥಳೀಯ ಪೊಲೀಸರ, ಖರ್ಚೂ ಅದರಲ್ಲಿ ಸೇರಿತ್ತು. ನಮ್ಮಲ್ಲೂ ಹೀಗೆ ಲೆಕ್ಕ ಕೊಟ್ಟು ವಸೂಲಿ ಮಾಡಬೇಕು.

ಆದರೆ ಒಂದು ಗಡಿ ಗಟ್ಟಿಯಾಗಿ ಹಾಕಲೇಬೇಕು. ಬೇಕೆಂದೇ ಸುಳ್ಳು ಹೇಳಿದವರಿಂದ ಮಾತ್ರ ವಸೂಲಿ. ಪಕ್ಕದ ಮನೆಯಿಂದ ಹೊಗೆ ಬರುವುದನ್ನು ಕಂಡು ಗಾಬರಿಯಾಗಿ 112ಕ್ಕೆ ಫೋನ್ ಮಾಡಿದವರು, ಅದು ಒಲೆಯ ಮೇಲೆ ಸೀದುಹೋದ ಪಾತ್ರೆ ಎಂದು ಆಮೇಲೆ ಗೊತ್ತಾದರೂ, ಒಂದು ರೂಪಾಯಿಯನ್ನೂ ಕಟ್ಟುವಂತೆ ಆಗಬಾರದು.