ನೇರಳೆ ಹಣ್ಣು ಅಂದರೆ ತಪ್ಪೇನು?

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ ಇದು. ಅತ್ತೆಯವರೂ ನಮ್ಮ ಪತ್ರಿಕೆ ಓದುತ್ತಾರಂತೆ, ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹಾಕಿಲ್ಲ.

“ನಾನು, ನನ್ನ ಗಂಡ ಈಚೆಗೆ ವೈನ್ ರುಚಿ ನೋಡಲು ಶುರು ಮಾಡಿದ್ದೇವೆ. ಬಾಟಲಿಗೆ 800 ರೂಪಾಯಿ ದಾಟಬಾರದು ಅಂತ ಒಪ್ಪಂದ. ಕುಡಿದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಶಿರಾಜ್ ಎಂಬ ಒಂದು ಕೆಂಪು ವೈನ್ ಬಗ್ಗೆ ‘ಮೊದಲು ನೇರಳೆ ಹಣ್ಣು, ಆಮೇಲೆ ಮೆಣಸಿನ ಸಾರಿನ ಘಾಟು, ಕೊನೆಗೆ ನಾಲಿಗೆಯೆಲ್ಲ ಒಗರು’ ಎಂದು ಬರೆದಿದ್ದೆ. ಇನ್ನೊಂದು ಬಿಳಿ ವೈನ್‌ಗೆ ‘ಸೂಪರ್’ ಎಂದಷ್ಟೇ ಬರೆದೆ. ವೈನ್ ಕೋರ್ಸ್ ಮಾಡಿರುವ ಗಂಡನ ಗೆಳೆಯರು ಓದಿ ನಕ್ಕರು. ಬ್ಲ್ಯಾಕ್‌ಕರಂಟ್, ಸೀಡರ್ ಮರ, ತಂಬಾಕು ಅಂತ ಹೇಳಬೇಕಂತೆ. ಈ ಬೆಲೆಯ ವೈನ್‌ನಲ್ಲಿ ವರ್ಣಿಸೋಕೆ ಏನೂ ಇರಲ್ವಂತೆ. ನಾನು ಮೊದಲು ಆ ಪಟ್ಟಿ ಕಲಿಯಬೇಕಾ? ಇನ್ನೊಂದು ಪ್ರಶ್ನೆ, ತೆರೆದ ಬಾಟಲಿ ಎಷ್ಟು ದಿನ ಇಡಬಹುದು?”

ಗೆಳೆಯರ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಚಿಲಿಯಲ್ಲಿ ಮಾಡಿದ ವೈನನ್ನು ಲಂಡನ್ನಿನ ವ್ಯಾಪಾರಿ ಕೊಳ್ಳಬೇಕಾದರೆ ಇಬ್ಬರಿಗೂ ಗೊತ್ತಿರುವ ನಾಲ್ಕು ಮಾತು ಬೇಕು. ಕೋರ್ಸ್‌ಗಳು ಅದನ್ನು ಕಲಿಸುತ್ತವೆ, ಒಳ್ಳೆಯದೇ. ಅಷ್ಟು ಗೌರವ ಸಾಕು.

ಈಗ ನಿಮ್ಮ ಮೆಣಸಿನ ಸಾರಿಗೆ ಬರೋಣ. ನೀವು ಶಿರಾಜ್‌ನಲ್ಲಿ ಮೆಣಸು ಕಂಡದ್ದು ಕಲ್ಪನೆಯಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದರ ಮೂಲ ಹಿಡಿದರು. ರೊಟಂಡೋನ್ ಎಂಬ ವಸ್ತು. ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿ ಇರುವುದೂ ಅದೇ, ನಮ್ಮ ಕರಿಮೆಣಸಿನಲ್ಲಿ ಇರುವುದೂ ಅದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಯಾವ ಮೆಣಸಿಗಾಗಿಯೋ, ಆ ಮೆಣಸಿನ ವಾಸನೆ ನಿಮ್ಮ ಲೋಟದಲ್ಲಿತ್ತು. ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ರೊಟಂಡೋನ್ ಹತ್ತುವುದೇ ಇಲ್ಲ ಎಂದೂ ಅದೇ ಸಂಶೋಧಕರು ಕಂಡುಕೊಂಡರು. ನಿಮ್ಮ ಗೆಳೆಯರು ಆ ಐದನೆಯವರೋ ಏನೋ, ಒಮ್ಮೆ ಕೇಳಿ ನೋಡಿ.

ನೇರಳೆಗೂ ಆಧಾರ ಇದೆ. ನೇರಳೆ ಹಣ್ಣು ನಾಲಿಗೆಗೆ ಹಚ್ಚುವ ಬಣ್ಣ, ಕೆಂಪು ವೈನ್‌ನ ಬಣ್ಣ ಎರಡೂ ಆಂಥೋಸಯನಿನ್ ಕುಟುಂಬದವು. ಎರಡರಲ್ಲೂ ಟ್ಯಾನಿನ್ ಇದೆ. ಅದು ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಾಯಿ ಒಣಗಿದ ಹಾಗೆ ಆಗುತ್ತದೆ. ನೀವು ಬರೆದ ಒಗರು ಇದೇ.

ಇನ್ನು ಬ್ಲ್ಯಾಕ್‌ಕರಂಟ್. ನಮ್ಮಲ್ಲಿ ಹಾಗಂದರೆ ಐಸ್‌ಕ್ರೀಂ, ಅಲ್ವಾ? ಗಿಡದಿಂದ ಕಿತ್ತು ತಿಂದ ಕನ್ನಡಿಗರು ಎಷ್ಟು ಜನ ಇದ್ದಾರು? ಕನ್ನಡಿಗರನ್ನು ಬಿಡಿ, ಅಮೆರಿಕದಲ್ಲೇ ಪೈನ್ ಮರಗಳಿಗೆ ರೋಗ ಹರಡುತ್ತದೆಂದು 1911ರಿಂದ 1966ರವರೆಗೆ ಆ ಗಿಡ ಬೆಳೆಸುವುದನ್ನೇ ಸರ್ಕಾರ ನಿಷೇಧಿಸಿತ್ತು. ಅಲ್ಲಿನ ಬಹುಪಾಲು ಜನ ಆ ಹಣ್ಣನ್ನು ಬಾಯಿಗೆ ಇಟ್ಟವರೇ ಅಲ್ಲ. ಆದರೂ ಕ್ಯಾಲಿಫೋರ್ನಿಯಾದ ಕ್ಯಾಬರ್ನೆ ಸುವಿನ್ಯೋನ್ ಎಂಬ ಕೆಂಪು ವೈನ್ ಬಗ್ಗೆ ಬರೆಯುವಾಗ ಬ್ಲ್ಯಾಕ್‌ಕರಂಟ್ ಅನ್ನುವುದು ಅಲ್ಲೂ ವಾಡಿಕೆಯಾಯಿತು. ತಿನ್ನದ ಹಣ್ಣಿನ ರುಚಿ ವರ್ಣಿಸುವ ವಿದ್ಯೆ ನಮಗೊಬ್ಬರಿಗೇ ಸೇರಿದ್ದಲ್ಲ ಎಂಬುದಷ್ಟೇ ಸಮಾಧಾನ.

ಆ ಪಟ್ಟಿಗಳು ಎಲ್ಲಿಂದ ಬಂದವು ಎಂಬುದನ್ನು ಕೋರ್ಸ್ ಮಾಡಿದವರೇ ಮರೆತುಬಿಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಆನ್ ನೋಬಲ್ ಎಂಬ ಪ್ರಾಧ್ಯಾಪಕಿ ಇದ್ದರು. ವೈನ್ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿ 1984ರಲ್ಲಿ ಪ್ರಕಟಿಸಿದವರು ಅವರು ಮತ್ತು ಅವರ ಸಂಗಡಿಗರು. ಆ ಚಕ್ರದಲ್ಲಿ ‘ಗಂಭೀರ’, ‘ಸೊಗಸಾದ’ ಎಂಬಂಥ ಮಾತಿಗೆ ಜಾಗವಿಲ್ಲ. ಮೂಗಿಗೆ ಹಿಡಿದು ತೋರಿಸಬಹುದಾದ ವಸ್ತುವಿನ ಹೆಸರೇ ಆಗಬೇಕು. ವಿದ್ಯಾರ್ಥಿಗಳಿಗೆ ಕಲಿಸುವಾಗ ಸಪ್ಪೆ ವೈನ್‌ಗೆ ಒಂದಿಷ್ಟು ಮೆಣಸು, ಒಂದು ಲವಂಗ, ಡಬ್ಬಿಯ ತರಕಾರಿಯ ನೀರು ಹೀಗೆ ಬೇರೆಬೇರೆ ಲೋಟಕ್ಕೆ ಬೆರೆಸಿ ಮೂಸಲು ಕೊಡುವುದು ಪದ್ಧತಿ. ಎಲ್ಲವೂ ದಿನಸಿ ಅಂಗಡಿಯ ಸಾಮಾನು. ಡೇವಿಸ್‌ನ ಅಡುಗೆಮನೆಯಿಂದ ಪಟ್ಟಿ ಮಾಡಬಹುದಾದರೆ ಹುಬ್ಬಳ್ಳಿಯ ಅಡುಗೆಮನೆ ಏನು ಪಾಪ ಮಾಡಿದೆ?

ನೀವೂ ಮಾಡಿ ನೋಡಿ. ಅಗ್ಗದ ಕೆಂಪು ವೈನ್ ನಾಲ್ಕು ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಒಂದಕ್ಕೆ ಜಜ್ಜಿದ ಮೆಣಸು, ಇನ್ನೊಂದಕ್ಕೆ ದೊಣ್ಣೆ ಮೆಣಸಿನಕಾಯಿಯ ಚೂರು, ಮತ್ತೊಂದಕ್ಕೆ ಲವಂಗ. ನಾಲ್ಕನೆಯದು ಹಾಗೇ ಇರಲಿ. ಹತ್ತು ನಿಮಿಷ ಮುಚ್ಚಿಟ್ಟು ಮೂಸಿ. ದೊಣ್ಣೆ ಮೆಣಸಿನಕಾಯಿ ಯಾಕೆ ಅಂದರೆ, ಅದರ ಹಸಿ ವಾಸನೆ ಕೊಡುವ ಪೈರಜೀನ್ ಸರಿಯಾಗಿ ಮಾಗದ ಕ್ಯಾಬರ್ನೆಯಲ್ಲೂ ಇರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ.

‘ಈ ಬೆಲೆಗೆ ಏನೂ ಇರಲ್ಲ’ ಎಂಬ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಫ್ರಾನ್ಸಿನ ಬೋರ್ಡೊದಲ್ಲಿ ಫ್ರೆಡರಿಕ್ ಬ್ರೋಷೆ ಮತ್ತು ಸಂಗಡಿಗರು ಬಿಳಿ ವೈನ್‌ಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟರು. ಅವರೆಲ್ಲ ವೈನ್ ಶಾಸ್ತ್ರವನ್ನೇ ಓದುತ್ತಿದ್ದವರು. ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ಅದನ್ನು ವರ್ಣಿಸಿಬಿಟ್ಟರು! ಕಣ್ಣು ಹೇಳಿದ್ದನ್ನು ಕೈ ಬರೆಯಿತು, ಮೂಗನ್ನು ಯಾರೂ ಕೇಳಲಿಲ್ಲ. ಬೆಲೆಯ ಚೀಟಿಯೂ ಇದೇ ಕೆಲಸ ಮಾಡುತ್ತದೆ. 2008ರಲ್ಲಿ ಅಮೆರಿಕದಲ್ಲಿ, ಲೇಬಲ್ ಮುಚ್ಚಿ ಕುಡಿಸಿ ಪಡೆದ 6 ಸಾವಿರಕ್ಕೂ ಹೆಚ್ಚು ಅಂಕಗಳನ್ನು ಲೆಕ್ಕ ಹಾಕಿದರು. ತರಬೇತಿ ಇಲ್ಲದವರಿಗೆ ದುಬಾರಿ ವೈನ್ ಒಂದು ಕೂದಲೆಳೆಯಷ್ಟು ಕಡಿಮೆಯೇ ಇಷ್ಟವಾಗಿತ್ತು. ತರಬೇತಿ ಆದವರ ಅಂಕ ಸ್ವಲ್ಪ ದುಬಾರಿಯ ಕಡೆಗೆ ವಾಲಿತ್ತು ಅನ್ನಿ. ಅದನ್ನು ಗೆಳೆಯರ ಖಾತೆಗೆ ಜಮಾ ಮಾಡೋಣ.

ಹಾಗಂತ ನಿಮ್ಮನ್ನು ಸುಮ್ನೆ ಹೊಗಳಿ ಕಳಿಸುವುದಿಲ್ಲ. ‘ಸೂಪರ್’ ಅಂದರೇನು? ಹುಳಿ ಇತ್ತಾ, ಸೀಬೆಹಣ್ಣಿನ ವಾಸನೆ ಇತ್ತಾ, ಕೊತ್ತಂಬರಿ ಬೀಜ ಹುರಿದ ಹಾಗಿತ್ತಾ? ಕೆಂಪಿಗೆ ಮೂರು ಮಾತು ಕೊಟ್ಟವರು ಬಿಳಿಗೆ ಮೋಸ ಮಾಡಿದ್ದೀರಿ. ಪತ್ರದ ಕೊನೆಯಲ್ಲಿ ‘ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದಂತೆ, ಹೊರಗೇ ಇಟ್ಟಿದ್ದೆವು’ ಎಂದೂ ಬರೆದಿದ್ದೀರಿ. ಅಲ್ಲ ತಾಯಿ, ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂದವರ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿಯದು. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಹೊರಗಿಟ್ಟರೆ ಬರೀ ಸಾರಾಯಿಯ ಘಾಟು ಮೂಗಿಗೆ ಹೊಡೆಯುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಲೋಟವನ್ನು ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿಸಿ, ವಾಸನೆಗೂ ಜಾಗ ಬೇಕಲ್ಲ.

ಅಂಗಡಿಗಳದ್ದು ಬೇರೆಯೇ ಕಥೆ. ಬೋರ್ಡಿನ ಮೇಲೆ ದೊಡ್ಡದಾಗಿ ‘ವೈನ್ಸ್’. ಒಳಗೆ ಗೋಡೆ ತುಂಬ ವಿಸ್ಕಿ, ಬ್ರಾಂದಿ, ರಮ್. ವೈನ್ ಎಲ್ಲಪ್ಪಾ ಅಂದರೆ ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಪಕ್ಕ, ಬಿಸಿಯಲ್ಲಿ ಬೇಯುತ್ತಾ ನಿಂತಿರುತ್ತದೆ. ಅಂಥ ಬಾಟಲಿಯಲ್ಲಿ ಹಣ್ಣು ಬೇಯಿಸಿದ ವಾಸನೆ ಬಂದರೆ ತಪ್ಪು ವೈನ್ ಮಾಡಿದವನದ್ದೂ ಅಲ್ಲ, ನಿಮ್ಮ ಮೂಗಿನದ್ದೂ ಅಲ್ಲ. ನಂದಿ ಬೆಟ್ಟದ ಬುಡದಲ್ಲೇ, ದೊಡ್ಡಬಳ್ಳಾಪುರದ ಹತ್ತಿರ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ರಾಜ್ಯಕ್ಕೆ 2007ರಿಂದ ಒಂದು ವೈನ್ ನೀತಿಯೇ ಇದೆ. ಅಂಗಡಿಯವರಿಗೆ ಬಾಟಲಿ ಮಲಗಿಸಿಡಿ, ನೆರಳಲ್ಲಿಡಿ ಅಂತ ಹೇಳೋರೇ ಇಲ್ಲವಾ?

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ನೋಡಿ. ಗಾಡಿಯ ಮೇಲೆ ರಾಶಿ ಹಾಕಿದರೆ ಬೀದಿಯ ತುದಿಗೆ ವಾಸನೆ ಬರುತ್ತದೆ. ಅದು ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇರುವ ಇಸಾಬೆಲ್ಲಾ ತಳಿಯ ಬಳಗ. ಆ ವಾಸನೆ ವೈನ್‌ಗೆ ಒರಟು ಎಂದು ಬಲ್ಲವರು ಮೂಗು ಮುರಿಯುತ್ತಾರೆ. ಫ್ರಾನ್ಸ್ 1930ರ ದಶಕದಲ್ಲಿ ಇಸಾಬೆಲ್ಲಾ ವೈನನ್ನು ನಿಷೇಧಿಸಿಯೇಬಿಟ್ಟಿತು. ಆದರೆ ಕ್ರಿಸ್‌ಮಸ್‌ಗೆ ಮನೆಯಲ್ಲೇ ಆ ದ್ರಾಕ್ಷಿಯಿಂದ ಸಿಹಿ ವೈನ್ ಮಾಡುವವರ ಹತ್ತಿರ ಹೋಗಿ ಒರಟು ಅನ್ನಿ ನೋಡೋಣ. ಕೇಕೂ ಸಿಗಲಿಕ್ಕಿಲ್ಲ.

ಮೂಗಿನ ವಿಷಯದಲ್ಲಿ ನಮಗೆ ಯಾಕಿಷ್ಟು ಸಂಕೋಚ ಅಂತ ನನಗೆ ಅರ್ಥವಾಗಿಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರನ್ನೂ ಕಣ್ಣು ಮುಚ್ಚಿ ಬೇರೆ ಮಾಡುವ ಹೆಂಗಸರು ನಮ್ಮಲ್ಲಿದ್ದಾರೆ. ಬಾಗಿಲಲ್ಲೇ ನಿಂತು ಒಳಗಿರುವುದು ರಸಪುರಿಯೋ ಬಾದಾಮಿಯೋ ಹೇಳುವ ಅಜ್ಜಂದಿರಿದ್ದಾರೆ. ಒಂದು ಗುಟುಕಿಗೆ ‘ಚಿಕೋರಿ ಜಾಸ್ತಿ ಆಯ್ತು’ ಅನ್ನದ ಮಾವಂದಿರು ಇದ್ದಾರೆಯೇ? ಇದೇ ಜನ ಬೆಂಗಳೂರಿನ ಹೋಟೆಲಿನಲ್ಲಿ ವೈನ್ ಪಟ್ಟಿ ಕೈಗೆ ಬಂದ ಕೂಡಲೇ ಮೂಗನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಕಚೇರಿಗೆ ಬರುವ ಊಟತಿಂಡಿಯ ಬರಹಗಳ ಗತಿಯೂ ಇದೇ. ಸಾರು ‘ಅದ್ಭುತ’, ಹೋಳಿಗೆ ‘ಅದ್ಭುತ’, ಮಂಡಕ್ಕಿ ಮಿರ್ಚಿಯೂ ‘ಅದ್ಭುತ’. ಸಾರಿಗೆ ಇಂಗು ಬಿದ್ದಿತ್ತೋ ಇಲ್ಲವೋ ಎಂದು ಫೋನ್ ಮಾಡಿ ಕೇಳುವ ಕೆಲಸ ನನ್ನದು. ನಿಮ್ಮ ನೋಟ್‌ಬುಕ್ಕಿನ ಒಂದು ಪುಟದ ನಕಲು ಕಳಿಸಿದರೆ ಅವರಿಗೆಲ್ಲ ಹಂಚುತ್ತೇನೆ, ಹೆಸರಿಲ್ಲದೆಯೇ.

ತೆರೆದ ಬಾಟಲಿಯ ಪ್ರಶ್ನೆ ಉಳಿಯಿತು. ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ, ಕೆಂಪಾದರೂ ಸರಿ. ಮೂರು ದಿನ ಧಾರಾಳವಾಗಿ ಇರುತ್ತದೆ. ದಿನಾ ಒಂದು ಗುಟುಕು ರುಚಿ ನೋಡಿ ಬರೆದಿಡಿ. ಗಾಳಿ ತಾಕಿದ ವೈನ್ ಹೇಗೆ ಬದಲಾಗುತ್ತದೆ ಅಂತ ಯಾವ ಕೋರ್ಸೂ ಇಷ್ಟು ಅಗ್ಗದಲ್ಲಿ ಕಲಿಸುವುದಿಲ್ಲ. ವಿನೆಗರ್ ವಾಸನೆ ಬಂದ ದಿನ ಸಿಂಕಿಗೆ ಸುರಿಯಿರಿ, ಅದನ್ನೂ ಬರೆದುಕೊಳ್ಳಿ.

– ಸಂ.