ಏಳು ದಿನದ ಪ್ರವಾಸ, ಆರು ತಿಂಗಳ ಬೆವರು

ಪ್ರಶ್ನೆ: ನನಗೆ 42 ವರ್ಷ, ಬ್ಯಾಂಕ್ ಕೆಲಸ. ಆರು ತಿಂಗಳಿಂದ ಬೆಳಿಗ್ಗೆ ವಾಕಿಂಗ್, ವಾರಕ್ಕೆ ಮೂರು ದಿನ ಜಿಮ್ ಮಾಡಿ ಏಳು ಕಿಲೋ ಇಳಿಸಿದ್ದೇನೆ. ಈಗ ಮಕ್ಕಳ ರಜೆಗೆ ಕಾರಿನಲ್ಲಿ ಹಂಪಿ, ಬಾದಾಮಿ, ಗೋಕರ್ಣ ಅಂತ ಒಂದು ವಾರ ಹೊರಟಿದ್ದೇವೆ. ಹೋದ ವರ್ಷ ಹತ್ತು ದಿನ ಹೋಗಿ ಬಂದಾಗ ಮೂರು ಕಿಲೋ ಏರಿತ್ತು, ಬೇಜಾರಾಗಿ ಎರಡು ತಿಂಗಳು ಎಲ್ಲ ಬಿಟ್ಟೆ. ಈ ಸಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತದಾ?
– ಓದುಗರು, ದಾವಣಗೆರೆ

ಆಗಲ್ಲ. ಮೊದಲು ಆ ಮೂರು ಕಿಲೋ ಲೆಕ್ಕ ನೋಡೋಣ. ಮೈಯಲ್ಲಿ ಒಂದು ಕಿಲೋ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಹತ್ತು ದಿನದಲ್ಲಿ ಮೂರು ಕಿಲೋ ಎಂದರೆ ದಿನಕ್ಕೆ 2,300 ಹೆಚ್ಚು, ಅಂದರೆ ಹತ್ತೂ ದಿನ ನಿಮ್ಮ ಊಟದ ಜೊತೆ ಇನ್ನೊಬ್ಬರ ಊಟವನ್ನೂ ನೀವೇ ಮಾಡಿದ ಹಾಗೆ. ಅಷ್ಟು ತಿಂದಿರಲಾರಿರಿ. ಹೋಟೆಲ್ ಊಟದಲ್ಲಿ ಉಪ್ಪು ಜಾಸ್ತಿ, ಆ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಜೊತೆಗೆ ದಾರಿಯಲ್ಲಿ ಹೊಟ್ಟೆಯೂ ಸರಿಯಾಗಿ ಕಳೆಯುವುದಿಲ್ಲ. ತೂಕದ ಯಂತ್ರ ತೋರಿಸಿದ್ದರಲ್ಲಿ ಹೆಚ್ಚಿನ ಪಾಲು ಅದೇ. ಮನೆ ಊಟಕ್ಕೆ ಮರಳಿದರೆ ಒಂದು ವಾರದಲ್ಲಿ ಅದು ತಾನೇ ಇಳಿಯುತ್ತದೆ. ಸ್ನಾಯುಗಳ ಶಕ್ತಿಯೂ ಏಳು ದಿನದಲ್ಲಿ ಕರಗಿಹೋಗುವುದಿಲ್ಲ. ನಿಮಗೆ ನಿಜವಾಗಿ ನಷ್ಟ ಮಾಡಿದ್ದು ಆ ಹತ್ತು ದಿನ ಅಲ್ಲ, ಬಂದ ಮೇಲೆ ಬಿಟ್ಟ ಎರಡು ತಿಂಗಳು. ಈ ಸಲ ವಾಪಸ್ ಬಂದ ಮಾರನೇ ದಿನ ತೂಕ ನೋಡಬೇಡಿ, ಶೂ ಹಾಕಿಕೊಂಡು ವಾಕಿಂಗ್ ಹೊರಡಿ. ತೂಕ ಎಂಟು ದಿನ ಬಿಟ್ಟು ನೋಡಿ ಸಾಕು.

ಇನ್ನು ನೀವು ಆರಿಸಿಕೊಂಡ ಊರುಗಳು. ಮೂರೂ ಕಾಲಿಗೆ ಕೆಲಸ ಕೊಡುವ ಜಾಗಗಳೇ, ಆದರೆ ಕಾರು ಇದ್ದರೆ ಮೂರನ್ನೂ ಕೂತೇ ಮುಗಿಸಿ ಬರಬಹುದು! ಹಂಪಿಯಲ್ಲಿ ಎಷ್ಟು ಜನ ಹಾಗೇ ಮಾಡುತ್ತಾರೆ ಎಂದು ನೋಡಿದರೆ ಸಂಕಟ ಆಗುತ್ತದೆ. ಒಂದು ಗುಡಿ ನೋಡುವುದು, ಕಾರು ಹತ್ತುವುದು, ಇನ್ನೊಂದು ಗುಡಿ ಮುಂದೆ ಇಳಿಯುವುದು. ನೀವು ಕಾರನ್ನು ವಿರೂಪಾಕ್ಷ ಗುಡಿಯ ಹತ್ತಿರ ಬಿಟ್ಟು, ತುಂಗಭದ್ರೆಯ ದಡ ಹಿಡಿದು ವಿಜಯವಿಠ್ಠಲ ಗುಡಿಯವರೆಗೆ ನಡೆದು ಹೋಗಿ. ಸುಮಾರು ಎರಡು ಕಿಲೋಮೀಟರ್ ಅಷ್ಟೇ, ಮಧ್ಯೆ ಅಚ್ಯುತರಾಯ ಗುಡಿ, ರಾಜರ ತುಲಾಭಾರದ ಕಂಬ ಎಲ್ಲ ಸಿಗುತ್ತದೆ, ಮಕ್ಕಳಿಗೂ ಬಂಡೆ ಹತ್ತಿ ಇಳಿಯುವ ಖುಷಿ. ವಾಪಸ್ ಬರುವುದೂ ಸೇರಿದರೆ ನಿಮ್ಮ ದಿನದ ವಾಕಿಂಗ್ ಆಯಿತು. ಇನ್ನೊಂದು ದಿನ ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತಿ. ಬಿಸಿಲೇರುವ ಮೊದಲೇ ಇಳಿಯಿರಿ, ಅಲ್ಲಿನ ಬಂಡೆ ಒಮ್ಮೆ ಕಾದರೆ ಸುಮ್ನೆ ಬಿಡುವುದಿಲ್ಲ. ಬಾಡಿಗೆ ಸೈಕಲ್ ಕೂಡ ಸಿಗುತ್ತದೆ.

ಬಾದಾಮಿಯಲ್ಲಿ ನಾಲ್ಕು ಗುಹೆಗಳಿಗೆ ಮೆಟ್ಟಿಲು ಹತ್ತಲೇಬೇಕು. ಕ್ರಿ.ಶ. 578ರ ಶಾಸನ ಇರುವ ಮೂರನೇ ಗುಹೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ, ಉಸಿರೂ ಹತೋಟಿಗೆ ಬರುತ್ತದೆ, ಕಣ್ಣಿಗೂ ಹಬ್ಬ. ಬಹಳ ಜನ ಗುಹೆ ನೋಡಿ ಹೊರಟುಬಿಡುತ್ತಾರೆ. ನೀವು ಅಗಸ್ತ್ಯ ತೀರ್ಥದ ಆಚೆ ದಡಕ್ಕೆ ಹೋಗಿ ಮೇಲಿನ ಶಿವಾಲಯದವರೆಗೂ ಹತ್ತಿ. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಮಂಗಗಳ ಕಾಟ. ಗೋಕರ್ಣದಲ್ಲಿ ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲಿಂದ ಕಾಲುದಾರಿ ಇದೆ. ಒಣ ಮರಳಲ್ಲಿ ನಡೆಯುವುದು ಗಟ್ಟಿ ನೆಲಕ್ಕಿಂತ ಜಾಸ್ತಿ ದಣಿಸುತ್ತದೆ, ಅಭ್ಯಾಸ ಇಲ್ಲದ ಮೀನಖಂಡಕ್ಕೆ ಮೊದಲ ದಿನ ಹದಿನೈದು ನಿಮಿಷ ಸಾಕು, ಆಮೇಲೆ ಅಲೆ ತಾಗುವ ಒದ್ದೆ ಮರಳಿಗೆ ಬನ್ನಿ.

ಕಾಲಿನದು ಹೀಗೆ ಆಯಿತು, ಕೈ, ಎದೆ, ಬೆನ್ನಿನದು ಉಳಿಯಿತು. ಜಿಮ್ ಇರುವ ಹೋಟೆಲ್ಲೇ ಬೇಕು ಅಂತ ದುಡ್ಡು ಸುರಿಯಬೇಡಿ. ನಮ್ಮ ಗರಡಿಮನೆಯವರ ದಂಡ, ಬಸ್ಕಿಗೆ ಒಂದು ಚಾಪೆಯಷ್ಟು ಜಾಗ ಸಾಕಲ್ವಾ? ಒಂದು ದಿನ ಬಿಟ್ಟು ಒಂದು ದಿನ, ಹಲ್ಲುಜ್ಜಿದ ತಕ್ಷಣ, ಎರಡು ಸುತ್ತು ಸೂರ್ಯನಮಸ್ಕಾರ ಮಾಡಿ ಮೈ ಬಿಸಿ ಮಾಡಿಕೊಂಡು, ಆಮೇಲೆ ಹತ್ತು ದಂಡ, ಹದಿನೈದು ಬಸ್ಕಿ, ಇದನ್ನೇ ಮೂರು ಸಲ. ದಂಡ ಕಷ್ಟವಾದರೆ ಮಂಚದ ಅಂಚಿಗೆ ಕೈಯಿಟ್ಟು ಮಾಡಿ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲರೂ ಎದ್ದ ಮೇಲೆ ಮಾಡೋಣ ಅಂದುಕೊಂಡರೆ ಮಾತ್ರ ಆಗುವುದೇ ಇಲ್ಲ, ಇದು ನನ್ನ ಅನುಭವ.

ಊಟದ ವಿಷಯದಲ್ಲಿ ಬಾಯಿ ಕಟ್ಟಬೇಡಿ. ಬಾದಾಮಿಗೆ ಹೋಗಿ ಖಾನಾವಳಿಯ ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಉಣ್ಣದೆ ಬರುವುದು ತಪ್ಪು ಅಂತಲೇ ಹೇಳುತ್ತೇನೆ, ಅದು ಒಳ್ಳೆಯ ಊಟವೂ ಹೌದು. ತೊಂದರೆ ಕೊಡುವುದು ಊಟ ಅಲ್ಲ, ಕಾರಿನೊಳಗಿನ ಚಿಪ್ಸ್, ಬಿಸ್ಕತ್ತು, ಮತ್ತೆ ಎರಡು ಗಂಟೆಗೊಮ್ಮೆ ಚಹಾ ಜೊತೆ ಬರುವ ಬಜ್ಜಿ. ಹಸಿವಿಲ್ಲ, ಬೇಜಾರು ಕಳೆಯಲು ತಿನ್ನುತ್ತೇವೆ. ಡಬ್ಬಿಯಲ್ಲಿ ಹುರಿಗಡಲೆ, ಶೇಂಗಾ, ಬಾಳೆಹಣ್ಣು ಇಟ್ಟುಕೊಳ್ಳಿ. ಬಾದಾಮಿಯಿಂದ ಗೋಕರ್ಣದ ದಾರಿ ಉದ್ದ ಇದೆ. ಗಂಟೆ, ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಐದು ನಿಮಿಷ ಓಡಾಡಿ. ಗಾಡಿ ಓಡಿಸುವವರು ನೀವೇ ಆದರೆ ಇದು ನಿಮ್ಮ ಸೊಂಟಕ್ಕೂ ಬೇಕು, ಹಿಂದೆ ಕೂತ ಮಕ್ಕಳ ಸುರಕ್ಷತೆಗೂ ಬೇಕು.

ಪ್ರಶ್ನೆ: ನನಗೆ 63. ಮೊದಲ ಸಲ ಮಗಳ ಮನೆಗೆ, ಅಮೆರಿಕದ ಡಲ್ಲಾಸ್‌ಗೆ ಹೋಗುತ್ತಿದ್ದೇನೆ, ಮೂರು ತಿಂಗಳು ಇರುತ್ತೇನೆ. ಬಸ್ಸಲ್ಲಿ ಕೂತರೇ ಪಾದ ಊದುತ್ತದೆ. ವಿಮಾನದಲ್ಲಿ ಏನು ಮಾಡಲಿ? ಅಲ್ಲಿ ಹೋಗಿ ಮೂಲೆ ಸೇರಿಬಿಡುತ್ತೇನೆ ಅಂತ ಭಯ.
– ಓದುಗರು, ಮೈಸೂರು

ಅಮ್ಮಾ, ಪಾದ ಊದುವುದು ಕೂತೇ ಇರುವುದರಿಂದ. ಮೀನಖಂಡ ಹಿಂಡಿ ಬಿಟ್ಟಾಗ ರಕ್ತ ಮೇಲಕ್ಕೆ ಹೋಗುತ್ತದೆ, ಅದು ಸುಮ್ಮನಿದ್ದರೆ ಕೆಳಗೇ ನಿಲ್ಲುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಹೆದರಬೇಡಿ, ಆದರೂ ಅದು ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ನಡುದಾರಿಯ ಪಕ್ಕದ ಸೀಟು ಕೇಳಿ ತೆಗೆದುಕೊಳ್ಳಿ. ಎಚ್ಚರ ಇರುವಾಗ ಗಂಟೆಗೊಮ್ಮೆ ಎದ್ದು ನಡೆಯಿರಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಪಾದ ತಿರುಗಿಸಿ. ಶೌಚಾಲಯಕ್ಕೆ ಹೋಗಬೇಕಾದೀತು ಅಂತ ಹೆಂಗಸರು ನೀರೇ ಕುಡಿಯುವುದಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಆ ನೆಪದಲ್ಲಾದರೂ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ.

ಉಬ್ಬಿದ ರಕ್ತನಾಳ ಇದ್ದರೆ, ಮೊದಲು ರಕ್ತ ಹೆಪ್ಪುಗಟ್ಟಿದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ, ಟಿಕೆಟ್ ದಿನಕ್ಕೆ ಮುಂಚೆಯೇ ಡಾಕ್ಟರನ್ನು ಕಾಣಿ. ಬಿಗಿ ಕಾಲುಚೀಲ ಬೇಕೇ, ಯಾವ ಅಳತೆ ಅಂತ ಅವರೇ ಹೇಳಲಿ. ಇಳಿದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಮಗಳಿಗೆ ರಜೆ ಇಲ್ಲ ಅಂತ ಮುಚ್ಚಿಡದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಡಲ್ಲಾಸ್ ಕಡೆ ಕಾರಿಲ್ಲದೆ ಅಂಗಡಿಗೆ ಹೋಗುವುದು ಕಷ್ಟ, ಆದರೆ ಮನೆಗಳ ಸುತ್ತ ನಡೆಯಲು ಬೀದಿ ಇರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬಿಸಿಲು 38 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಏಳಕ್ಕೇ ಹೊರಡಿ. ಮೊದಲ ವಾರ ಮಗಳ ಜೊತೆ ಒಂದೇ ದಾರಿಯಲ್ಲಿ ಹೋಗಿ ಬನ್ನಿ, ಗುರುತಾದ ಮೇಲೆ ಒಬ್ಬರೇ ಹೋಗಬಹುದು. ಮನೆ ವಿಳಾಸ, ಮಗಳ ನಂಬರ್ ಬರೆದ ಚೀಟಿ ಜೊತೆಗಿರಲಿ.

ಪ್ರಶ್ನೆ: ಗೆಳೆಯರು ಮುಂದಿನ ಶನಿವಾರ ಕುಮಾರಪರ್ವತಕ್ಕೆ ಕರೆಯುತ್ತಿದ್ದಾರೆ. ನಾನು ಐಟಿ, 25 ವರ್ಷ, ವ್ಯಾಯಾಮ ಏನೂ ಇಲ್ಲ. ಹೋಗಲಾ?
– ಓದುಗರು, ಬೆಂಗಳೂರು

ಈ ಶನಿವಾರ ಬೇಡಪ್ಪ. ಅದು 1,712 ಮೀಟರ್ ಎತ್ತರ, ಸುಬ್ರಹ್ಮಣ್ಯ ಕಡೆಯಿಂದ ಹೆಚ್ಚುಕಡಿಮೆ ಬುಡದಿಂದಲೇ ಹತ್ತಬೇಕು. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ನಡುಗಿ ಮಂಡಿ ಮಾತು ಕೇಳುವುದಿಲ್ಲ, ಕಾಲು ಜಾರುವುದು ಆಗಲೇ. ಒಂದೂವರೆ ತಿಂಗಳು ವಾರಕ್ಕೆ ನಾಲ್ಕು ದಿನ ಆಫೀಸಿನ ಮೆಟ್ಟಿಲು ಹತ್ತಿ ಇಳಿಯಿರಿ, ಕೊನೆಯ ಎರಡು ವಾರ ಬೆನ್ನಿಗೆ ಐದು ಕಿಲೋ ಚೀಲ ಇರಲಿ. ಮಧ್ಯೆ ಒಂದು ಭಾನುವಾರ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಡೆದೇ ಇಳಿದು ನೋಡಿ. ಮಾರನೇ ದಿನ ತೊಡೆ ಹಿಡಿದುಕೊಳ್ಳದಿದ್ದರೆ ಗೆಳೆಯರಿಗೆ ಫೋನ್ ಮಾಡಿ.