ನಾಟಕದ ಬಂದೂಕಿಗೆ ಯಾವ ಸ್ಕ್ರೂ?

ಪ್ರಶ್ನೆ: ನಮ್ಮ ತಂಡ ಸಂಗೊಳ್ಳಿ ರಾಯಣ್ಣ ನಾಟಕ ಆಡುತ್ತದೆ. ಅದಕ್ಕೆ ಹಳೇ ಕಾಲದ ಚಕಮಕಿ ಬಂದೂಕಿನ ಮಾದರಿ ಒಂದಿದೆ. ನಳಿಕೆಗೆ ತೂತೇ ಇಲ್ಲ, ಬರೀ ತೋರಿಕೆಯದು. ಪಕ್ಕದ ತಗಡು ಹಿಡಿಯುವ ಎರಡು ಸ್ಕ್ರೂಗಳಲ್ಲಿ ಒಂದು ಕಳೆದಿದೆ. ಇನ್ನೊಂದರ ದಪ್ಪ ವರ್ನಿಯರ್ ಅಳತೆಗೋಲಿನಲ್ಲಿ 4.7 ಮಿ.ಮೀ. ಬರುತ್ತದೆ. ಎಂ5 (5 ಮಿ.ಮೀ. ದಪ್ಪದ ಮೆಟ್ರಿಕ್ ಸ್ಕ್ರೂ) ಒಳಗೇ ಹೋಗುವುದಿಲ್ಲ. ಅಂಗಡಿಯವರು ಕೊಟ್ಟ ಬೇರೊಂದು ಎರಡು ಸುತ್ತು ಹೋಗಿ ಹಿಡಿದುಕೊಂಡಿತು. ಎಂ5 ಟ್ಯಾಪ್ ಹಾಕಿಸಿ ತೂತಿನಲ್ಲಿ ಹೊಸ ಥ್ರೆಡ್ (ಸುರುಳಿ ಹಲ್ಲು) ಕೊರೆಸಿಬಿಡಲೇ? (ಗುಬ್ಬಿಯ ಓದುಗರು)

ಉತ್ತರ: ಬೇಡ, ದಯವಿಟ್ಟು ಈಗಲೇ ಟ್ಯಾಪ್ ಹಾಕಿಸಬೇಡಿ. ಒಮ್ಮೆ ಕೊರೆದ ಥ್ರೆಡ್ ವಾಪಸ್ ಬರುವುದಿಲ್ಲ. ತುಮಕೂರಿನ ಗಡಿಯಾರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಹೊಸಬರಿಗೆ ನಾನು ಮೊದಲು ಹೇಳುತ್ತಿದ್ದದ್ದು ಇದನ್ನೇ.

ಎರಡು ಸುತ್ತು ಹೋಗಿ ಬಿಗಿಯಾಯಿತು ಅಂದರೆ ದಪ್ಪ ಹತ್ತಿರವಿದೆ, ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ) ಬೇರೆ ಇದೆ ಅಂತ ಅರ್ಥ. 4.7ರ ಆಸುಪಾಸಿನಲ್ಲಿ ಒಂದಲ್ಲ, ಹಲವು ಸ್ಕ್ರೂಗಳಿವೆ. ಬ್ರಿಟಿಷ್ ಬಿಎ ಅಳತೆಯ 2ಬಿಎ ದಪ್ಪ 4.7 ಮಿ.ಮೀ., ಪಿಚ್ 0.81. ಹಳೇ ಬ್ರಿಟಿಷ್ ಅಳತೆಯಾದ ವಿಟ್‌ವರ್ತ್ 3/16 ಇಂಚಿನದು 4.76, ಪಿಚ್ 1.06. ಅಮೆರಿಕದ 10-32 ಹೆಸರಿಗೆ 4.83, ಪಿಚ್ 0.79. ಸ್ಕ್ರೂ ಸಾಮಾನ್ಯವಾಗಿ ಹೆಸರಿನ ಅಳತೆಗಿಂತ ಚೂರು ಸಣ್ಣಗೇ ಇರುತ್ತದೆ, ಸವೆದಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ದಪ್ಪ ಒಂದನ್ನೇ ನಂಬಬೇಡಿ.

ಉಳಿದಿರುವ ಸ್ಕ್ರೂವನ್ನು ಬ್ರಷ್, ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ. ಮೊದಲ ಹಲ್ಲಿನ ತುದಿಯಿಂದ ಹನ್ನೊಂದನೆಯ ಹಲ್ಲಿನ ತುದಿಗೆ ಅಳೆಯಿರಿ. 10.6 ಮಿ.ಮೀ. ಬಂದರೆ ವಿಟ್‌ವರ್ತ್ ಇರಬಹುದು, ಆದರೆ ಅಮೆರಿಕದ 10-24 ಸ್ಕ್ರೂಗೂ ಅಷ್ಟೇ ಬರುತ್ತದೆ. 8.1 ಬಂದರೆ 2ಬಿಎ, 7.9 ಬಂದರೆ 10-32. ಅಷ್ಟು ಹಲ್ಲಿಲ್ಲದಿದ್ದರೆ ಮೊದಲ ಹಲ್ಲಿನಿಂದ ಆರನೆಯ ಹಲ್ಲಿಗೆ ಅಳೆದು ಎರಡರಿಂದ ಗುಣಿಸಿ. 8.1ಕ್ಕೂ 7.9ಕ್ಕೂ ಅಂತರ ಕೂದಲೆಳೆಯಷ್ಟು, ಕೈ ತಪ್ಪುವುದು ಸುಲಭ. ಅಲ್ಲೂ, 10.6 ಬಂದಾಗಲೂ, ಹಲ್ಲಿನ ಎರಡು ಬದಿಗಳ ನಡುವಿನ ಕೋನ ನೋಡಬೇಕು. ಬಿಎ ಹಲ್ಲು 47.5 ಡಿಗ್ರಿ, ಚೂಪು ಜಾಸ್ತಿ. 10-32, 10-24 ಮತ್ತು ಮೆಟ್ರಿಕ್ 60, ವಿಟ್‌ವರ್ತ್ 55. ಟರ್ನರ್ (ಲೇತ್ ಕೆಲಸದವರು) ಹತ್ತಿರ ಥ್ರೆಡ್ ಗೇಜ್ (ಹಲ್ಲಿನ ಅಳತೆ ನೋಡುವ ಎಲೆಗಳ ಸಾಧನ) ಇದ್ದರೆ ಅದರ ಎಲೆಯನ್ನು ಹಲ್ಲಿನ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಗೇಜ್ ಇಲ್ಲವಾ, ಗೊತ್ತಿರುವ ಟ್ಯಾಪ್ ಒಂದನ್ನು ಸ್ಕ್ರೂ ಪಕ್ಕಕ್ಕೆ ಹಲ್ಲಿಗೆ ಹಲ್ಲು ಕೂರಿಸಿ. ಸಂದಿಯಲ್ಲಿ ಬೆಳಕು ಕಾಣಬಾರದು. ನನಗಂತೂ ಈ ಟ್ಯಾಪಿನ ಉಪಾಯವೇ ಹೆಚ್ಚು ಇಷ್ಟ.

ಬಂದೂಕಿನ ರೂಪ ನೋಡಿ ಥ್ರೆಡ್ ಊಹಿಸುವುದೂ ಬೇಡ. ಇಂಗ್ಲೆಂಡಿನ ಎಂಜಿನಿಯರ್ ವಿಟ್‌ವರ್ತ್ ತನ್ನ ಅಳತೆ ಮುಂದಿಟ್ಟದ್ದು 1841ರಲ್ಲಿ. ರಾಯಣ್ಣನ ಕಾಲ ಅದಕ್ಕೂ ಹಿಂದಿನದು. ಆಗಿನ ಕುಶಲಕರ್ಮಿಗಳು ತಮ್ಮ ತಮ್ಮ ಅಳತೆಗೇ ಥ್ರೆಡ್ ಕೊರೆಯುತ್ತಿದ್ದರು. ಒಂದರ ಸ್ಕ್ರೂ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಈಗಿನ ಮಾದರಿಗಳ ಕಥೆ ಬೇರೆ. ಇಟಲಿಯಲ್ಲಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ ಮೆಟ್ರಿಕ್ ಇರುತ್ತದೆ.

2ಬಿಎ ಅಂತ ಖಾತ್ರಿಯಾದರೆ ಹಳೇ ಮೀಟರು, ವಿದ್ಯುತ್ ಉಪಕರಣಗಳ ಗುಜರಿಯಲ್ಲಿ ಹುಡುಕಿ. ಅವುಗಳಲ್ಲಿ ಬಿಎ ತುಂಬಾ ಬಳಸುತ್ತಿದ್ದರು. ತಲೆ ಹೊಂದದಿದ್ದರೆ ಟರ್ನರ್ ಕಡೆ ಕಡ್ಡಿ ಕಡೆಸಿ, ಬಿಎ ಡೈ (ಕಡ್ಡಿಯ ಮೇಲೆ ಥ್ರೆಡ್ ಕೊರೆಯುವ ಸಾಧನ) ಹಾಕಿಸಿ.

ಇನ್ನೊಂದು ಮಾತು. ನಳಿಕೆ ನಿಜಕ್ಕೂ ಮುಚ್ಚಿದೆಯಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ. ಗುಂಡು ಹಾರಿಸಬಲ್ಲ ಬಂದೂಕಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಅಂಥದ್ದನ್ನು ಮಾಮೂಲಿ ಲೇತ್ ಅಂಗಡಿಗೆ ಒಯ್ಯಬೇಡಿ.